ಜಾರ್ಜಿಯಾ ಟೆಕ್ ಆನ್‌ಲೈನ್ ಎಂಎಸ್ ರಿವ್ಯೂ: ಸೀಟ್ ಸಿಗೋದು ಸುಲಭ, ಡಿಗ್ರಿ ಕೈಗೆ ಬರೋದು ಬೇರೆ ಲೆಕ್ಕ

ಐದಕ್ಕೆ ನಾಲ್ಕೂವರೆ ಸ್ಟಾರ್. ಅರ್ಧ ಸ್ಟಾರ್ ಕಟ್ ಆಗಿದ್ದು ರಿಜಿಸ್ಟ್ರೇಶನ್ ಸಿಸ್ಟಮ್‌ಗೆ, ಅದನ್ನ ಕೆಳಗೆ ಹೇಳ್ತೀನಿ. ಈ ಕಂಪ್ಯೂಟರ್ ಸೈನ್ಸ್ ಮಾಸ್ಟರ್ಸ್ ಡಿಗ್ರಿನ ಕೆಲಸ ಮಾಡ್ತಾ ಮಾಡ್ತಾನೇ ಮುಗಿಸಿದೀನಿ, ಈಗ ಪರಿಚಯದೋರು ಯಾರೇ ಸಿಕ್ಕಿದ್ರೂ ಕೇಳೋದು ಒಂದೇ ಪ್ರಶ್ನೆ, "ಅಡ್ಮಿಷನ್ ಸಿಗುತ್ತಾ?" ಅಂತ. ಸಿಗುತ್ತೆ ರೀ, ಅದಕ್ಕೆ ಅಷ್ಟು ತಲೆ ಕೆಡಿಸ್ಕೋಬೇಡಿ. ಕೇಳ್ಬೇಕಾಗಿರೋದು "ಡಿಗ್ರಿ ಕೈಗೆ ಬರ್ಬೇಕು ಅಂದ್ರೆ ಏನೇನು ಮುಗಿಸ್ಬೇಕು" ಅಂತ, ಅದನ್ನ ಮಾತ್ರ ಯಾರೂ ಕೇಳಲ್ಲ. ಹಾಗಾಗಿ ಈ ರಿವ್ಯೂ ಪೂರ್ತಿ ಅದರ ಬಗ್ಗೇನೇ.

ಗೊತ್ತಿಲ್ಲದೋರಿಗೆ ಸ್ವಲ್ಪ ಹಿನ್ನೆಲೆ. ಅಟ್ಲಾಂಟಾದಲ್ಲಿರೋ ಜಾರ್ಜಿಯಾ ಟೆಕ್‌ನೋರು 2013ರ ಮೇನಲ್ಲಿ ಇದನ್ನ ಅನೌನ್ಸ್ ಮಾಡಿದ್ರು, 2014ರ ಜನವರಿಯಲ್ಲಿ ಮೊದಲ ಬ್ಯಾಚ್ ಶುರುವಾಯ್ತು. ಆಗ ಕಂಪ್ಯೂಟಿಂಗ್ ಕಾಲೇಜಿನ ಡೀನ್ ಆಗಿದ್ದೋರು ಜ್ವಿ ಗಲಿಲ್, ಜೊತೆಗೆ ವೀಡಿಯೋ ಮಾಡೋಕೆ ಯುಡಾಸಿಟಿ ಅನ್ನೋ ಆನ್‌ಲೈನ್ ಕೋರ್ಸ್ ಕಂಪನಿ, ದುಡ್ಡು ಹಾಕೋಕೆ ಅಮೆರಿಕದ ಟೆಲಿಫೋನ್ ಕಂಪನಿ ಎಟಿ ಅಂಡ್ ಟಿ. ಎಟಿ ಅಂಡ್ ಟಿ ಮೊದಲಿಗೇ 20 ಲಕ್ಷ ಡಾಲರ್ ಕೊಟ್ಟಿತ್ತು. ಹೆಸರು ಓಎಂಎಸ್‌ಸಿಎಸ್, ಅಂದ್ರೆ ಆನ್‌ಲೈನ್ ಮಾಸ್ಟರ್ ಆಫ್ ಸೈನ್ಸ್ ಇನ್ ಕಂಪ್ಯೂಟರ್ ಸೈನ್ಸ್, ಬಾಯಲ್ಲಿ ಹೇಳೋಕೆ ಕಷ್ಟ ಅಂತ ಎಲ್ಲರೂ ಓಎಂಎಸ್ ಅಂತಾನೇ ಅನ್ನೋದು. ಆಗ ಮೂಗು ಮುರಿದೋರು ಬಹಳ ಜನ ಇದ್ರು, ಇಷ್ಟು ಕಡಿಮೆಗೆ ಕೊಟ್ರೆ ಕ್ಯಾಂಪಸ್ ಡಿಗ್ರಿಗೆ ಬೆಲೆ ಎಲ್ಲಿ ಉಳಿಯುತ್ತೆ ಅಂತ. ಈಗ ನೋಡಿದ್ರೆ ಒಂದೊಂದು ಸೆಮಿಸ್ಟರ್‌ನಲ್ಲೂ 10 ಸಾವಿರಕ್ಕಿಂತ ಹೆಚ್ಚು ಜನ ಓದ್ತಿದಾರೆ.

ಫೀಸ್ ಬಗ್ಗೆ ಬೇಗ ಹೇಳಿ ಮುಗಿಸ್ತೀನಿ. ಇಡೀ ಡಿಗ್ರಿಗೆ 7 ಸಾವಿರ ಡಾಲರ್ ಆಸುಪಾಸು, ಕ್ಯಾಂಪಸ್‌ಗೆ ಹೋಗಿ ಓದಿದ್ರೆ ಇದರ ಎಷ್ಟೋ ಪಟ್ಟು ಆಗುತ್ತೆ. ಕೋರ್ಸ್‌ಗೆ ಇಷ್ಟು ಅಂತ ಒಂದು ಲೆಕ್ಕ, ಅದರ ಮೇಲೆ ಪ್ರತಿ ಸೆಮಿಸ್ಟರ್‌ಗೂ ಒಂದು ಫಿಕ್ಸೆಡ್ ಫೀ, ಆ ಸೆಮಿಸ್ಟರ್‌ನಲ್ಲಿ ಒಂದು ಕೋರ್ಸ್ ತಗೊಂಡ್ರೂ ಅಷ್ಟೇ ಎರಡು ತಗೊಂಡ್ರೂ ಅಷ್ಟೇ. ನಿಧಾನವಾಗಿ ಒಂದೊಂದೇ ಮಾಡ್ಕೊಂಡು ಹೋಗೋರಿಗೆ ಒಟ್ಟು ಖರ್ಚು ಸ್ವಲ್ಪ ಜಾಸ್ತಿ ಬೀಳುತ್ತೆ, ಆದ್ರೆ ಆ ಉಳಿತಾಯಕ್ಕೆ ಆಸೆಪಟ್ಟು ಕೆಲಸ ಇಟ್ಕೊಂಡು ಎರಡೆರಡು ಭಾರದ ಕೋರ್ಸ್ ಒಟ್ಟಿಗೆ ಹೊರೋಕೆ ಹೋಗ್ಬೇಡಿ.

ಈಗ ಅಸಲಿ ವಿಷಯ. ಪೇಪರ್ ಮೇಲೆ ನೋಡಿದ್ರೆ ರಿಕ್ವೈರ್ಮೆಂಟ್ ಒಂದೇ ಸಾಲು: 30 ಕ್ರೆಡಿಟ್, ಅಂದ್ರೆ ಮೂರು ಕ್ರೆಡಿಟ್‌ನ 10 ಕೋರ್ಸ್. ಥೀಸಿಸ್ ಕಡ್ಡಾಯ ಅಲ್ಲ. ಕ್ಯಾಂಪಸ್‌ನಲ್ಲಿ ಓದೋರಿಗೆ ಕೋರ್ಸ್‌ವರ್ಕ್, ಪ್ರಾಜೆಕ್ಟ್, ಥೀಸಿಸ್ ಅಂತ ಮೂರು ದಾರಿ ಇದೆ, ಥೀಸಿಸ್ ದಾರಿ ಹಿಡಿದ್ರೆ ಅದಕ್ಕೇ 12 ಕ್ರೆಡಿಟ್ ಹೋಗುತ್ತೆ. ಆನ್‌ಲೈನ್‌ನಲ್ಲಿ ಬಹುತೇಕ ಎಲ್ಲರೂ ಕೋರ್ಸ್‌ವರ್ಕ್‌ನಲ್ಲೇ ಮುಗಿಸೋದು. ಇಷ್ಟು ಓದಿದೋರು "ಓ, 10 ಕೋರ್ಸ್ ತಾನೆ, ಸೆಮಿಸ್ಟರ್‌ಗೆ ಎರಡು, ಎರಡು ವರ್ಷದಲ್ಲಿ ಆಯ್ತು" ಅಂತ ಲೆಕ್ಕ ಹಾಕಿ ಅಪ್ಲೈ ಮಾಡಿಬಿಡ್ತಾರೆ. ಆ 10ರ ಒಳಗಡೆ ಇರೋ ಕಂಡೀಷನ್‌ಗಳನ್ನ ಯಾರೂ ಓದಿರಲ್ಲ.

ಮೊದಲನೇ ಕಂಡೀಷನ್ ಫೌಂಡೇಶನಲ್ ಕೋರ್ಸ್. ಸೇರಿದ ಮೊದಲ 12 ತಿಂಗಳೊಳಗೆ, ಅವರು ಫೌಂಡೇಶನಲ್ ಅಂತ ಗುರುತು ಹಾಕಿರೋ ಪಟ್ಟಿಯಿಂದ ಎರಡು ಕೋರ್ಸನ್ನ ಬಿ ಅಥವಾ ಅದಕ್ಕಿಂತ ಮೇಲಿನ ಗ್ರೇಡ್‌ನಲ್ಲಿ ಪಾಸ್ ಮಾಡ್ಲೇಬೇಕು. ಆಗ್ಲಿಲ್ಲ ಅಂದ್ರೆ ಮುಂದುವರಿಯೋಕೆ ಬಿಡಲ್ಲ, ಅಷ್ಟೇ. ನಿಜವಾದ ಎಂಟ್ರನ್ಸ್ ಟೆಸ್ಟ್ ಇದೇ ಅಂತ ನನ್ನ ಅನಿಸಿಕೆ. ಅಡ್ಮಿಷನ್‌ನಲ್ಲಿ ಜಿಆರ್‌ಇ ಅನ್ನೋ ಎಂಟ್ರನ್ಸ್ ಪರೀಕ್ಷೆ ಕೇಳಲ್ಲ, ಕ್ಲಾಸ್‌ರೂಮ್‌ನಲ್ಲಿ ಇಷ್ಟೇ ಸೀಟು ಅನ್ನೋ ಮಿತಿ ಇಲ್ಲ, ಓದೋ ತಾಕತ್ತು ಇರ್ಬಹುದು ಅನ್ಸಿದ್ರೆ ಒಳಗೆ ಬಿಟ್ಕೋತಾರೆ, ಆಮೇಲೆ ಮೊದಲ ವರ್ಷದಲ್ಲೇ ಇದೆಯೋ ಇಲ್ವೋ ನೋಡ್ಕೋತಾರೆ. ನಂಗೆ ಈ ಪದ್ಧತಿ ಬಹಳ ಸರಿ ಅನ್ಸುತ್ತೆ. ಎಲ್ಲೋ ಡಿಗ್ರಿಲಿ ಮಾರ್ಕ್ಸ್ ಕಡಿಮೆ ಬಂದಿದ್ದಕ್ಕೆ ಹತ್ತು ವರ್ಷ ಆದ್ಮೇಲೂ ಬಾಗಿಲು ಹಾಕೋದಕ್ಕಿಂತ, ಬಾ, ಎರಡು ಕೋರ್ಸ್ ಮಾಡಿ ತೋರ್ಸು ಅನ್ನೋದು ಎಷ್ಟೋ ವಾಸಿ.

ಎರಡನೇದು ಸ್ಪೆಷಲೈಸೇಶನ್. 10 ಕೋರ್ಸ್‌ನಲ್ಲಿ ಐದೋ ಆರೋ ನೀವು ಆರಿಸಿಕೊಂಡ ಸ್ಪೆಷಲೈಸೇಶನ್‌ಗೆ ಸೇರಿದ್ದಾಗಿರ್ಬೇಕು, ಮಷೀನ್ ಲರ್ನಿಂಗ್‌ಗೆ ಐದು, ಕಂಪ್ಯೂಟಿಂಗ್ ಸಿಸ್ಟಮ್ಸ್‌ಗೆ ಆರು, ಹೀಗೆ. ಅವುಗಳಲ್ಲಿ ಎಲ್ಲದರಲ್ಲೂ ಬಿ ಬೇಕು. ಸಿ ಬಂದ್ರೆ ಅದು ಫ್ರೀ ಎಲೆಕ್ಟಿವ್ ಲೆಕ್ಕಕ್ಕೆ ಮಾತ್ರ ಬರುತ್ತೆ, ಸ್ಪೆಷಲೈಸೇಶನ್‌ಗೆ ಆಗಲ್ಲ. ಡಿ ಬಂದ್ರೆ ಯಾವುದಕ್ಕೂ ಬರಲ್ಲ. ಇದರ ಮೇಲೆ ಒಟ್ಟು ಜಿಪಿಎ, ಅಂದ್ರೆ ಎಲ್ಲ ಗ್ರೇಡ್‌ಗಳ ಸರಾಸರಿ, 3.0 ಇರ್ಬೇಕು. ಇಲ್ಲಿ ಪ್ಲಸ್ ಮೈನಸ್ ಗ್ರೇಡ್ ಇಲ್ಲ, ಎ ಅಂದ್ರೆ 4, ಬಿ ಅಂದ್ರೆ 3, ಸಿ ಅಂದ್ರೆ 2. ಹಾಗಾಗಿ ಒಂದು ಸಿ ಬಂತು ಅಂದ್ರೆ ಅದನ್ನ ಸರಿದೂಗಿಸೋಕೆ ಇನ್ನೆಲ್ಲೋ ಒಂದು ಎ ತರ್ಲೇಬೇಕು. 89 ಬಂದೋನಿಗೂ ಬಿ, 80 ಬಂದೋನಿಗೂ ಬಿ ಆಗೋ ಕೋರ್ಸ್‌ಗಳಿದಾವೆ, ಕೆಲವು ಕಡೆ ಕ್ಲಾಸ್ ನೋಡ್ಕೊಂಡು ಕಟಾಫ್ ಇಳಿಸ್ತಾರೆ, ಅದೆಲ್ಲ ಆಯಾ ಪ್ರೊಫೆಸರ್‌ಗೆ ಬಿಟ್ಟಿದ್ದು, ಸಿಲಬಸ್‌ನ ಮೊದಲ ದಿನವೇ ಓದ್ಕೊಳ್ಳಿ.

ಇನ್ನು ಸಣ್ಣಪುಟ್ಟ ರೂಲ್ಸ್. ಫಾಲ್ (ಆಗಸ್ಟ್‌ನಲ್ಲಿ ಶುರುವಾಗೋದು), ಸ್ಪ್ರಿಂಗ್ (ಜನವರಿಯಲ್ಲಿ ಶುರುವಾಗೋದು) ಸೆಮಿಸ್ಟರ್‌ನಲ್ಲಿ ಸಾಮಾನ್ಯವಾಗಿ ಎರಡು ಕೋರ್ಸ್‌ವರೆಗೆ, ಸಮ್ಮರ್‌ನಲ್ಲಿ ಒಂದು. ಎಲ್ಲ ಮುಗಿಸೋಕೆ ಆರು ವರ್ಷ ಟೈಮ್. ಸಮ್ಮರ್ ಸೆಮಿಸ್ಟರ್ ಚಿಕ್ಕದು, ಆದ್ರೆ ಸಿಲಬಸ್ ಎಲ್ಲ ಕಡೆ ಅದೇ ಪ್ರಮಾಣದಲ್ಲಿ ಚಿಕ್ಕದಾಗಿರಲ್ಲ, ಹಾಗಾಗಿ ಸಮ್ಮರ್‌ಗೆ ಹಗುರಾದ ಕೋರ್ಸ್ ಇಟ್ಕೊಳ್ಳೋದು ವಾಡಿಕೆ. ಮಧ್ಯದಲ್ಲಿ ಕೈ ಮೀರಿ ಹೋಯ್ತು ಅಂದ್ರೆ ಡೆಡ್‌ಲೈನ್ ಒಳಗೆ ವಿತ್‌ಡ್ರಾ ಮಾಡ್ಬಹುದು, ಡಬ್ಲ್ಯೂ ಅಂತ ಬೀಳುತ್ತೆ, ಜಿಪಿಎಗೆ ಏನೂ ಆಗಲ್ಲ, ಆದ್ರೆ ಆ ಕೋರ್ಸ್ ಲೆಕ್ಕಕ್ಕೆ ಬರಲ್ಲ, ಮೊದಲ ವರ್ಷದ ಗಡಿಯಾರ ಓಡ್ತಾನೇ ಇರುತ್ತೆ. ಫೌಂಡೇಶನಲ್ ಇನ್ನೂ ಮುಗಿದಿಲ್ಲದೋರು ಡಬ್ಲ್ಯೂ ತಗೊಳ್ಳೋ ಮುಂಚೆ ಕ್ಯಾಲೆಂಡರ್ ಒಂದ್ಸಲ ನೋಡ್ಕೊಳ್ಳೋದು ಒಳ್ಳೇದು.

ಈಗ ಕೋರ್ಸ್‌ಗಳ ವಿಷಯಕ್ಕೆ ಬರೋಣ, ಕೊಟ್ಟ ದುಡ್ಡಿಗೆ ಸಿಗೋ ಮಾಲು ಅಂದ್ರೆ ಇದೇ ಅಲ್ವಾ. ನಾನು ಯಾರಿಗಾದ್ರೂ ಒಂದೇ ಒಂದು ಕೋರ್ಸ್ ಹೇಳು ಅಂದ್ರೆ ಹೇಳೋದು ಗ್ರಾಜುಯೇಟ್ ಇಂಟ್ರೊಡಕ್ಷನ್ ಟು ಆಪರೇಟಿಂಗ್ ಸಿಸ್ಟಮ್ಸ್, ಸಿಎಸ್ 6200, ಆಡಾ ಗಾವ್ರಿಲೋವ್ಸ್ಕಾ ಪಾಠ ಮಾಡೋದು. ಪ್ರಾಜೆಕ್ಟ್ ಶುರುವಾಗೋದು ಸಿ ಭಾಷೆಯಲ್ಲಿ. ಮೊದಲ ಪ್ರಾಜೆಕ್ಟ್‌ನಲ್ಲೇ ಸಾಕೆಟ್ (ನೆಟ್‌ವರ್ಕ್ ಕನೆಕ್ಷನ್) ಮೇಲೆ ಫೈಲ್ ಕಳಿಸೋ ಸರ್ವರ್ ಬರೀಬೇಕು, ಆಮೇಲೆ ಅದನ್ನ ಮಲ್ಟಿಥ್ರೆಡ್ ಮಾಡ್ಬೇಕು, ಅಂದ್ರೆ ಒಂದೇ ಪ್ರೋಗ್ರಾಂ ಒಳಗೆ ಹಲವು ಕೆಲಸ ಒಟ್ಟಿಗೆ ನಡೆಯೋ ಹಾಗೆ, ಒಂದು ಬಾಸ್ ಥ್ರೆಡ್ ಕೆಲಸ ತಗೊಂಡು ಕ್ಯೂಗೆ ಹಾಕುತ್ತೆ, ವರ್ಕರ್ ಥ್ರೆಡ್‌ಗಳು ಎತ್ಕೊಂಡು ಮಾಡ್ತವೆ. ಕೇಳೋಕೆ ಇಷ್ಟೇ. ಕೂತು ಬರೆದಾಗ ಗೊತ್ತಾಗೋದು ಏನಂದ್ರೆ, ಸೆಂಡ್ ಕಾಲ್‌ಗೆ 1000 ಬೈಟ್ ಕೊಟ್ರೆ 1000 ಬೈಟೂ ಹೋಗುತ್ತೆ ಅನ್ನೋ ಗ್ಯಾರಂಟಿ ಇಲ್ಲ, ರಿಸೀವ್ ಮಾಡೋ ಕಡೆನೂ ಅಷ್ಟೇ, ಹೆಡರ್ ಅರ್ಧ ಒಂದು ಸಲ ಬಂದು ಉಳಿದ ಅರ್ಧದ ಜೊತೆ ಫೈಲ್‌ನ ಮೊದಲ ತುಂಡೂ ಅಂಟ್ಕೊಂಡು ಬರ್ಬಹುದು. ಎಷ್ಟು ಹೋಯ್ತು ಅಂತ ರಿಟರ್ನ್ ವ್ಯಾಲ್ಯೂ ನೋಡಿ ಉಳಿದಿದ್ದನ್ನ ಲೂಪ್‌ನಲ್ಲಿ ಕಳಿಸ್ತಾ ಇರ್ಬೇಕು. ನಮ್ಮ ಲ್ಯಾಪ್‌ಟಾಪ್‌ನಲ್ಲಿ ಸರ್ವರ್ ಕ್ಲೈಂಟ್ ಎರಡೂ ಒಂದೇ ಮಷೀನ್‌ನಲ್ಲಿ ಓಡೋದ್ರಿಂದ ಇದು ಕಾಣಿಸ್ಕೊಳ್ಳೋದೇ ಇಲ್ಲ, ಎಲ್ಲ ಟೆಸ್ಟೂ ಪಾಸ್, ಅಸೈನ್‌ಮೆಂಟ್ ಸಬ್ಮಿಟ್ ಮಾಡೋ ಸೈಟ್ ಗ್ರೇಡ್‌ಸ್ಕೋಪ್‌ಗೆ ಹಾಕಿದ್ರೆ ಅಲ್ಲಿರೋ ಆಟೋಗ್ರೇಡರ್ ಬೇಕಂತಲೇ ತುಂಡು ತುಂಡಾಗಿ ಕಳಿಸುತ್ತೆ, ಸಾಲಾಗಿ ಫೇಲ್. ವರ್ಷಗಟ್ಟಲೆ ವೆಬ್ ಫ್ರೇಮ್‌ವರ್ಕ್ ಮೇಲೆ ಕೆಲಸ ಮಾಡಿದೋರಿಗೆ ಇದು ಒಂಥರಾ ಜ್ಞಾನೋದಯ, ಏನೇನು ನಮಗೆ ಗೊತ್ತಾಗದ ಹಾಗೆ ಕೆಳಗಡೆ ನಡೀತಿತ್ತು ಅಂತ. ಮುಂದಿನ ಪ್ರಾಜೆಕ್ಟ್‌ಗಳಲ್ಲಿ ಶೇರ್ಡ್ ಮೆಮೊರಿ ಇಟ್ಕೊಂಡು ಪ್ರಾಕ್ಸಿ, ಕೊನೆಗೆ ಜಿಆರ್‌ಪಿಸಿ (ಬೇರೆ ಮಷೀನ್‌ನಲ್ಲಿರೋ ಫಂಕ್ಷನ್ ಕರೆಯೋ ಲೈಬ್ರರಿ) ಮೇಲೆ ಡಿಸ್ಟ್ರಿಬ್ಯೂಟೆಡ್ ಫೈಲ್ ಸಿಸ್ಟಮ್. ವಾರಕ್ಕೆ 15ರಿಂದ 20 ಗಂಟೆ ಎತ್ತಿಡಿ, ಸಿ ಭಾಷೆ ಬರದಿದ್ರೆ ಸೆಮಿಸ್ಟರ್ ಶುರುವಾಗೋ ಮುಂಚೆನೇ ಪಾಯಿಂಟರ್, ಮ್ಯಾಲಾಕ್, ಪಿಥ್ರೆಡ್ ಅಷ್ಟು ಕಲ್ತು ಬನ್ನಿ.

ಮಷೀನ್ ಲರ್ನಿಂಗ್, ಸಿಎಸ್ 7641, ಇದರ ಕಥೆ ಪೂರ್ತಿ ಬೇರೆ. ಚಾರ್ಲ್ಸ್ ಇಸ್ಬೆಲ್, ಮೈಕಲ್ ಲಿಟ್‌ಮನ್ ಇಬ್ಬರೂ ವೀಡಿಯೋದಲ್ಲಿ ಕೂತು ಹರಟೆ ಹೊಡೆದ ಹಾಗೆ ಪಾಠ ಮಾಡ್ತಾರೆ, ಕೆಲವರಿಗೆ ಬಹಳ ಇಷ್ಟ, ಕೆಲವರಿಗೆ ತಡ್ಕೊಳ್ಳೋಕಾಗಲ್ಲ. ಇಲ್ಲಿ ಕೋಡ್‌ಗೆ ಮಾರ್ಕ್ಸ್ ಇಲ್ಲ. ಹೌದು, ಅಲ್ಗಾರಿದಂ ಕೋಡ್ ಎಲ್ಲಿಂದ ಬೇಕಾದ್ರೂ ತಗೊಳ್ಳಿ ಅಂತಾರೆ, ಲೈಬ್ರರಿ ಬಳಸಿ, ಪರವಾಗಿಲ್ಲ, ಮಾರ್ಕ್ಸ್ ಎಲ್ಲ ರಿಪೋರ್ಟ್‌ಗೆ. ಡೇಟಾಸೆಟ್ ತಗೊಂಡು, ಅದರ ಮೇಲೆ ಬೇರೆ ಬೇರೆ ಅಲ್ಗಾರಿದಂ ಓಡಿಸಿ, ಬಂದ ಗ್ರಾಫ್ ಯಾಕೆ ಹಾಗೆ ಬಂತು ಅಂತ ಬರೀಬೇಕು. "ಬೂಸ್ಟಿಂಗ್‌ಗೆ ಆಕ್ಯುರಸಿ ಜಾಸ್ತಿ ಬಂತು" ಅಂತ ಅಲ್ಗಾರಿದಂ ಹೆಸರು ಹೇಳಿ ಬರೆದ್ರೆ ಅದು ಗ್ರಾಫ್‌ನಲ್ಲೇ ಕಾಣ್ತಿದೆ, ಅದಕ್ಕೆ ಮಾರ್ಕ್ಸ್ ಯಾಕೆ ಕೊಡ್ತಾರೆ? ಟ್ರೈನಿಂಗ್ ಕರ್ವ್ ಮತ್ತೆ ವ್ಯಾಲಿಡೇಶನ್ ಕರ್ವ್ ಮಧ್ಯೆ ಗ್ಯಾಪ್ ಯಾಕೆ ಉಳೀತು, ಡೇಟಾ ಇನ್ನೂ ಜಾಸ್ತಿ ಕೊಟ್ಟಿದ್ರೆ ಆ ಗ್ಯಾಪ್ ಮುಚ್ತಿತ್ತಾ, ಹತ್ತಿರದ ಉದಾಹರಣೆ ನೋಡಿ ಉತ್ತರ ಹೇಳೋ ಕೆ ನಿಯರೆಸ್ಟ್ ನೈಬರ್ ಈ ಡೇಟಾಗೆ ಯಾಕೆ ಸೋತಿತು, ಸಂಬಂಧ ಇಲ್ಲದ ಕಾಲಮ್‌ಗಳಿಂದ ದೂರದ ಲೆಕ್ಕ ಹಾಳಾಯ್ತಾ, ಇಂಥದ್ದನ್ನ ಪುಟದ ಮಿತಿಯೊಳಗೆ ಹೇಳ್ಬೇಕು. ಇಂಜಿನಿಯರ್‌ಗಳಿಗೆ ಬರೆಯೋದು ಅಂದ್ರೆ ಅಲರ್ಜಿ, ಹಾಗಾಗಿ ಈ ಕೋರ್ಸ್‌ನ ಬೈಯೋರೇ ಹೆಚ್ಚು. ನನ್ನ ಕೇಳಿದ್ರೆ ಈ ಡಿಗ್ರಿ ಒಳಗೆ ಮಾಸ್ಟರ್ಸ್ ಅನ್ನೋ ಮಾತಿಗೆ ತಕ್ಕ ಹಾಗಿರೋ ಕೋರ್ಸ್ ಇದೇ.

ನಾಲೆಡ್ಜ್ ಬೇಸ್ಡ್ ಎಐ ಬಗ್ಗೆ ಒಂದು ಮಾತು. ಅಶೋಕ್ ಗೋಯಲ್ ಅವರ ಕೋರ್ಸ್, 2016ರಲ್ಲಿ ಇದರಲ್ಲೇ ಜಿಲ್ ವಾಟ್ಸನ್ ಅನ್ನೋ ಟೀಚಿಂಗ್ ಅಸಿಸ್ಟೆಂಟ್ ಪ್ರಶ್ನೆಗಳಿಗೆ ಉತ್ತರ ಕೊಡ್ತಿದ್ಲು, ಸೆಮಿಸ್ಟರ್ ಕೊನೆಗೆ ಅದು ಐಬಿಎಂ ವಾಟ್ಸನ್ ಮೇಲೆ ಕಟ್ಟಿದ ಪ್ರೋಗ್ರಾಂ ಅಂತ ಹೇಳಿದಾಗ ಎಲ್ಲರೂ ಬೆಪ್ಪಾದ್ರು. ಚಾಟ್‌ಬಾಟ್ ಅಂದ್ರೆ ಈಗ ಯಾರಿಗೂ ಆಶ್ಚರ್ಯ ಇಲ್ಲ, ಆಗ ಇದು ಪೇಪರ್‌ನಲ್ಲೆಲ್ಲ ಬಂದಿತ್ತು. ಕೋರ್ಸ್‌ನಲ್ಲಿ ರೇವನ್ಸ್ ಮ್ಯಾಟ್ರಿಸಸ್ ಅನ್ನೋ ಐಕ್ಯೂ ಟೆಸ್ಟ್ ಒಗಟುಗಳಿಗೆ ಉತ್ತರ ಹುಡುಕೋ ಪ್ರೋಗ್ರಾಂ ಬರಿಯೋದು ಮಜಾ ಇತ್ತು. ಬರವಣಿಗೆ ಜಾಸ್ತಿ.

ಆಮೇಲೆ ಜಿಎ. ಗ್ರಾಜುಯೇಟ್ ಅಲ್ಗಾರಿದಮ್ಸ್, ಸಿಎಸ್ 6515. ಊರಿಗೆ ಬಂದವಳು ನೀರಿಗೆ ಬರದೇ ಇರ್ತಾಳಾ ಅಂತಾರಲ್ಲ, ಹಾಗೆ ಈ ಪ್ರೋಗ್ರಾಂಗೆ ಸೇರಿದೋರು ಮಷೀನ್ ಲರ್ನಿಂಗ್ ಆಗ್ಲಿ ಸಿಸ್ಟಮ್ಸ್ ಆಗ್ಲಿ ಒಂದಲ್ಲ ಒಂದು ಸೆಮಿಸ್ಟರ್‌ನಲ್ಲಿ ಜಿಎ ಬಾಗಿಲಿಗೆ ಬಂದೇ ಬರ್ತಾರೆ. ಡೈನಮಿಕ್ ಪ್ರೋಗ್ರಾಮಿಂಗ್, ಡಿವೈಡ್ ಅಂಡ್ ಕಾಂಕರ್, ಎಫ್‌ಎಫ್‌ಟಿ, ಆರ್‌ಎಸ್‌ಎ, ಗ್ರಾಫ್, ಮ್ಯಾಕ್ಸ್ ಫ್ಲೋ, ಲೀನಿಯರ್ ಪ್ರೋಗ್ರಾಮಿಂಗ್, ಎನ್‌ಪಿ ಕಂಪ್ಲೀಟ್‌ನೆಸ್, ಸಿಲಬಸ್ ಅಷ್ಟೇ, ಡಿಗ್ರಿಲಿ ಓದಿದ್ದೇ ತಾನೆ ಅನ್ಸುತ್ತೆ. ಮಾರ್ಕ್ಸ್‌ನ ದೊಡ್ಡ ಪಾಲು ಪರೀಕ್ಷೆಗೆ, ಮತ್ತೆ ಉತ್ತರ ಬರೆಯೋ ಕ್ರಮ ಬಹಳ ಕಟ್ಟುನಿಟ್ಟು. ಡೈನಮಿಕ್ ಪ್ರೋಗ್ರಾಮಿಂಗ್ ಪ್ರಶ್ನೆ ಬಂದ್ರೆ ಟೇಬಲ್‌ನ ಒಂದೊಂದು ಮನೆಯಲ್ಲಿ ಏನಿದೆ ಅಂತ ಮೊದಲು ಮಾತಲ್ಲಿ ಹೇಳ್ಬೇಕು, ಆಮೇಲೆ ರಿಕರೆನ್ಸ್ (ಹಿಂದಿನ ಮನೆಗಳಿಂದ ಈ ಮನೆ ತುಂಬೋ ಸೂತ್ರ), ಬೇಸ್ ಕೇಸ್, ಆಮೇಲೆ ಎಷ್ಟು ಹೊತ್ತು ಹಿಡಿಯುತ್ತೆ ಅನ್ನೋ ಲೆಕ್ಕ. "ಐನೇ ಅಕ್ಷರದವರೆಗೆ ಸಿಗೋ ಉದ್ದದ ಸೀಕ್ವೆನ್ಸ್" ಅನ್ನೋದಕ್ಕೂ "ಐನೇ ಅಕ್ಷರದಲ್ಲೇ ಮುಗಿಯೋ ಉದ್ದದ ಸೀಕ್ವೆನ್ಸ್" ಅನ್ನೋದಕ್ಕೂ ಎಷ್ಟು ವ್ಯತ್ಯಾಸ ಅಂತ ಇಲ್ಲಿ ಅರ್ಥ ಆಗೋದು, ಮೊದಲನೇದನ್ನ ಹಿಡ್ಕೊಂಡ್ರೆ ಎಷ್ಟೋ ಲೆಕ್ಕದಲ್ಲಿ ರಿಕರೆನ್ಸೇ ಹುಟ್ಟಲ್ಲ. ಎನ್‌ಪಿ ಕಂಪ್ಲೀಟ್ ಪ್ರೂಫ್, ಅಂದ್ರೆ ಒಂದು ಪ್ರಾಬ್ಲಮ್ ಬೇಗ ಬಿಡಿಸೋ ದಾರಿ ಗೊತ್ತಿಲ್ಲದಷ್ಟು ಕಷ್ಟದ್ದು ಅಂತ ತೋರ್ಸೋದು, ಇನ್ನೂ ಜೋರು, ಗೊತ್ತಿರೋ ಕಷ್ಟದ ಪ್ರಾಬ್ಲಮ್‌ನ ಹೊಸ ಪ್ರಾಬ್ಲಮ್‌ಗೆ ಇಳಿಸ್ಬೇಕು, ಅದನ್ನ ತಿರುವು ಮುರುವು ಮಾಡಿ ಹೊಸದನ್ನ ಹಳೇದಕ್ಕೆ ಇಳಿಸಿದ್ರೆ, ಪುಟ ತುಂಬ ಎಷ್ಟೇ ಚೆನ್ನಾಗಿ ಬರೆದಿದ್ರೂ ಅದರಿಂದ ಏನೂ ಸಾಬೀತಾಗಲ್ಲ, ಮಾರ್ಕ್ಸೂ ಇಲ್ಲ.

ಒಪ್ಕೋತೀನಿ, ಕೋರ್ಸ್ ಚೆನ್ನಾಗಿದೆ. ಎರಿಕ್ ವಿಗೋಡಾ ಅವರ ಲೆಕ್ಚರ್ ನಿಧಾನ, ಸ್ಪಷ್ಟ, ಎಫ್‌ಎಫ್‌ಟಿ ಅಷ್ಟು ತಿಳಿಯೋ ಹಾಗೆ ಬೇರೆ ಕಡೆ ಹೇಳಿದ್ದನ್ನ ನಾನು ನೋಡಿಲ್ಲ. ನನ್ನ ತಕರಾರು ಕೋರ್ಸ್ ಬಗ್ಗೆ ಅಲ್ಲ, ಅದು ಬಂದು ಕೂರೋ ಜಾಗದ ಬಗ್ಗೆ. ಅಡ್ಮಿಷನ್‌ಗೆ ಮಿತಿ ಇಲ್ದಿದ್ರೂ ಒಂದೊಂದು ಕೋರ್ಸ್‌ಗೆ ಸೀಟು ಇಷ್ಟೇ ಅಂತ ಇರುತ್ತೆ, ಆ ಸೀಟು ಹಿಡಿಯೋ ರಿಜಿಸ್ಟ್ರೇಶನ್‌ನಲ್ಲಿ ಯಾರು ಹೆಚ್ಚು ಕ್ರೆಡಿಟ್ ಮುಗಿಸಿದಾರೋ ಅವರಿಗೆ ಮೊದಲು ಅವಕಾಶ. ಕೇಳೋಕೆ ನ್ಯಾಯವೇ, ಆದ್ರೆ ಹೀಗಿರೋದ್ರಿಂದ ಎಲ್ಲರಿಗೂ ಬೇಕಾಗಿರೋ ಈ ಕೋರ್ಸ್ ಬಹಳ ಜನರ ಪಾಲಿಗೆ ಒಂಬತ್ತನೇದೋ ಹತ್ತನೇದೋ ಆಗಿ ಬರುತ್ತೆ. ಅಂದ್ರೆ ಎಲ್ಲ ಮುಗಿಸಿ, ಇನ್ನೇನು ಡಿಗ್ರಿ ಬಂತು ಅನ್ನೋ ಹೊತ್ತಿಗೆ, ಸಿ ಗ್ರೇಡ್ ತಗೊಂಡ್ರೆ ನಡೆಯದ, ಪರೀಕ್ಷೆ ಮೇಲೆ ನಿಂತಿರೋ, ಎಲ್ಲಕ್ಕಿಂತ ಕಟ್ಟುನಿಟ್ಟಾದ ಕೋರ್ಸ್. ಬೇಸಿಕ್ ಅಲ್ಗಾರಿದಮ್ಸ್ ಮೊದಲ ವರ್ಷದಲ್ಲಿ ಬರ್ಬೇಕಾದ್ದು, ಕೊನೇಲಿ ಬರೋದಕ್ಕೆ ಅರ್ಥ ಏನು? ಹೊಸಬರಿಗೆ ಅಂತ ಒಂದಷ್ಟು ಸೀಟ್ ಎತ್ತಿಟ್ರೆ ಅರ್ಧ ಸಮಸ್ಯೆ ಮುಗಿಯುತ್ತೆ. ಆ ಅರ್ಧ ಸ್ಟಾರ್ ಇದಕ್ಕೇ.

ಜಿಎ ಬೇಡ್ವೇ ಬೇಡ ಅನ್ನೋರಿಗೆ ದಾರಿ ಇಲ್ಲ ಅಂತಲ್ಲ. ಇಂಟರಾಕ್ಟಿವ್ ಇಂಟೆಲಿಜೆನ್ಸ್ ಅಂತ ಇದ್ದ ಸ್ಪೆಷಲೈಸೇಶನ್, ಈಗ ಎಐ ಅಂತ ಹೆಸರು ಬದಲಾಗಿರೋದು, ಅದರಲ್ಲಿ ಜಿಎ ಬದಲು ಸಾಫ್ಟ್‌ವೇರ್ ಡೆವಲಪ್ಮೆಂಟ್ ಪ್ರೋಸೆಸ್ ತಗೊಂಡ್ರೂ ನಡೆಯುತ್ತೆ. ಸ್ಪೆಷಲೈಸೇಶನ್ ಮಧ್ಯದಲ್ಲಿ ಬದಲಾಯಿಸ್ಕೊಳ್ಳೋದೂ ಸುಲಭ. ಮಷೀನ್ ಲರ್ನಿಂಗ್‌ನಿಂದ ಈ ಕಡೆ ಹಾರಿ ಡಿಗ್ರಿ ಮುಗಿಸಿದೋರು ಇದಾರೆ, ಅದರಲ್ಲಿ ನಾಚ್ಕೊಳ್ಳೋಂಥದ್ದು ಏನೂ ಇಲ್ಲ. ಅದಕ್ಕೇ ಹೇಳೋದು, ಸೇರಿದ ಮೊದಲ ವಾರದಲ್ಲೇ ಒಂದು ಶೀಟ್‌ನಲ್ಲಿ 10 ಸಾಲು ಹಾಕಿ, ಯಾವ ಕೋರ್ಸ್ ಎರಡೂ ಸ್ಪೆಷಲೈಸೇಶನ್‌ಗೆ ಲೆಕ್ಕಕ್ಕೆ ಬರುತ್ತೆ ಅಂತ ನೋಡ್ಕೊಂಡು ಅವನ್ನೇ ಮೊದಲು ತಗೊಳ್ಳಿ, ಆಗ ಕೊನೇಲಿ ದಾರಿ ಬದಲಾಯಿಸಿದ್ರೂ ಯಾವ ಕೋರ್ಸೂ ವೇಸ್ಟ್ ಆಗಲ್ಲ.

ಏನು ಸಿಗಲ್ಲ ಅಂತಾನೂ ಹೇಳ್ಬೇಕು. ವೀಸಾ ಸಿಗಲ್ಲ, ಆನ್‌ಲೈನ್ ಡಿಗ್ರಿ ಇಟ್ಕೊಂಡು ಎಫ್-1 (ಸ್ಟೂಡೆಂಟ್ ವೀಸಾ), ಓಪಿಟಿ (ಓದಿದ ಮೇಲೆ ಅಲ್ಲೇ ಕೆಲಸ ಮಾಡೋ ಅನುಮತಿ) ಅಂತೆಲ್ಲ ಕನಸು ಕಟ್ಟೋಕೆ ಆಗಲ್ಲ. ಪ್ಲೇಸ್‌ಮೆಂಟ್ ಅಂತ ಕಂಪನಿಗಳು ಬಂದು ಕೂರಿಸ್ಕೊಂಡು ಕೆಲಸ ಕೊಡಲ್ಲ. ನೂರಾರು, ಕೆಲವು ಕಡೆ ಸಾವಿರ ದಾಟಿದ ಕ್ಲಾಸ್, ಪ್ರೊಫೆಸರ್ ಜೊತೆ ಕೂತು ಮಾತಾಡೋದು ಅಪರೂಪ, ನಿಮ್ಮ ಸಂಬಂಧ ಏನಿದ್ರೂ ಟಿಎಗಳ (ಟೀಚಿಂಗ್ ಅಸಿಸ್ಟೆಂಟ್) ಜೊತೆ. ಆ ಟಿಎಗಳಲ್ಲಿ ಬಹಳಷ್ಟು ಜನ ಇದೇ ಕೋರ್ಸ್ ಮುಗಿಸಿದ ಹಳೇ ವಿದ್ಯಾರ್ಥಿಗಳೇ, ಹಾಗಾಗಿ ಎಲ್ಲಿ ಎಡವ್ತೀವಿ ಅಂತ ಅವರಿಗೆ ಚೆನ್ನಾಗಿ ಗೊತ್ತಿರುತ್ತೆ. ವೀಡಿಯೋಗಳಲ್ಲಿ ಕೆಲವು ಶುರುವಿನ ಕಾಲದ್ದೇ ಇನ್ನೂ ಓಡ್ತಿದೆ, ಆಪರೇಟಿಂಗ್ ಸಿಸ್ಟಮ್ಸ್‌ಗೆ ಅದೇನೂ ತೊಂದರೆ ಅಲ್ಲ, ಪೇಜ್ ಟೇಬಲ್ ಥರದ ಮೂಲ ವಿಷಯ ಹತ್ತು ವರ್ಷದಲ್ಲಿ ಏನು ಬದಲಾಗುತ್ತೆ, ಆದ್ರೆ ಬೇಗ ಬೇಗ ಬದಲಾಗೋ ವಿಷಯಗಳಿಗೆ ಅದು ಸಾಲಲ್ಲ. ಡೀಪ್ ಲರ್ನಿಂಗ್ ಥರ ಆಮೇಲೆ ಬಂದ ಕೋರ್ಸ್‌ಗಳು ಆ ಲೆಕ್ಕದಲ್ಲಿ ವಾಸಿ. ಪಿಎಚ್‌ಡಿ ಮಾಡೋ ಆಸೆ ಇರೋರಿಗೆ ಇಲ್ಲಿ ರಿಸರ್ಚ್ ಅನುಭವ ತಾನಾಗಿ ಸಿಗಲ್ಲ, ಹುಡ್ಕೊಂಡು ಹೋಗಿ ಕೇಳ್ಬೇಕು.

ಸಿಗೋದು ಏನಂದ್ರೆ, ಸರ್ಟಿಫಿಕೇಟ್ ಮೇಲೆ ಮಾಸ್ಟರ್ ಆಫ್ ಸೈನ್ಸ್ ಇನ್ ಕಂಪ್ಯೂಟರ್ ಸೈನ್ಸ್ ಅಂತಾನೇ ಇರುತ್ತೆ, ಆನ್‌ಲೈನ್ ಅನ್ನೋ ಪದ ಇಲ್ಲ, ಕ್ಯಾಂಪಸ್‌ನೋರಿಗೆ ಕೊಡೋದೇ ನಿಮಗೂ. ಡೆಡ್‌ಲೈನ್‌ಗಳು ಕೆಲವು ಕೋರ್ಸ್‌ಗಳಲ್ಲಿ ಎನಿವೇರ್ ಆನ್ ಅರ್ಥ್ ಲೆಕ್ಕದಲ್ಲಿರುತ್ತೆ, ಅಂದ್ರೆ ಭೂಮಿ ಮೇಲೆ ಎಲ್ಲಾದ್ರೂ ಒಂದು ಕಡೆ ಇನ್ನೂ ಭಾನುವಾರ ಉಳಿದಿದ್ರೆ ಸಾಕು ಸಬ್ಮಿಟ್ ಮಾಡ್ಬಹುದು, ಕೆಲಸಕ್ಕೆ ಹೋಗೋರಿಗೆ ಇದು ದೊಡ್ಡ ಉಪಕಾರ.

ಬೇರೆ ಕಡೆ ನೋಡ್ಬೇಕು ಅನ್ನೋರಿಗೆ: ಟೆಕ್ಸಸ್ ಆಸ್ಟಿನ್ ಯೂನಿವರ್ಸಿಟಿದೂ 10 ಕೋರ್ಸ್, ಫೀಸ್ 10 ಸಾವಿರ ಡಾಲರ್ ಸುತ್ತಮುತ್ತ, ಕೋರ್ಸ್ ಆಯ್ಕೆ ಕಡಿಮೆ. ಇಲಿನಾಯ್ ಅರ್ಬಾನಾ ಶಾಂಪೇನ್‌ನದ್ದು ಎಂಸಿಎಸ್ (ಮಾಸ್ಟರ್ ಆಫ್ ಕಂಪ್ಯೂಟರ್ ಸೈನ್ಸ್), 32 ಕ್ರೆಡಿಟ್, ಆದ್ರೆ ಒಂದೊಂದು ಕೋರ್ಸ್ ನಾಲ್ಕು ಕ್ರೆಡಿಟ್ ಇರೋದ್ರಿಂದ ಎಂಟೇ ಕೋರ್ಸ್, ದುಡ್ಡು ಮಾತ್ರ ಇದರ ಹಲವು ಪಟ್ಟು. ಕೊಲೊರಾಡೊ ಬೋಲ್ಡರ್ ಯೂನಿವರ್ಸಿಟಿಯೋರು ಕೋರ್ಸೆರಾ ಅನ್ನೋ ಆನ್‌ಲೈನ್ ಕೋರ್ಸ್ ಸೈಟ್ ಮೇಲೆ ಕೊಡೋದ್ರಲ್ಲಿ ಹಳೇ ಮಾರ್ಕ್ಸ್ ಕಾರ್ಡನ್ನೇ ಕೇಳಲ್ಲ, ಶುರುವಿನ ಕೋರ್ಸ್‌ಗಳಲ್ಲಿ ಬಿ ಸರಾಸರಿ ಬಂದ್ರೆ ಅದೇ ಅಡ್ಮಿಷನ್. ಡಿಗ್ರಿ ಬೇರೆ ಸಬ್ಜೆಕ್ಟ್‌ನಲ್ಲಿ ಆಗಿದ್ದು ಈಗ ಈ ಕಡೆ ಬರ್ಬೇಕು ಅನ್ನೋರು ಅದನ್ನ ಮೊದಲು ನೋಡಿ.

ಜಾರ್ಜಿಯಾ ಟೆಕ್‌ಗೇ ಅಪ್ಲೈ ಮಾಡೋದಾದ್ರೆ ಫಾಲ್‌ಗೆ ಇಲ್ಲ ಸ್ಪ್ರಿಂಗ್‌ಗೆ ಮಾತ್ರ ತಗೋತಾರೆ, ಸಮ್ಮರ್‌ಗೆ ಇಲ್ಲ. ಮೂರು ರೆಕಮೆಂಡೇಶನ್ ಲೆಟರ್ ಬೇಕು, ಅದರಲ್ಲಿ ಒಂದಾದ್ರೂ ನಿಮಗೆ ಪಾಠ ಮಾಡಿದೋರದ್ದಿದ್ರೆ ಒಳ್ಳೇದು, ಅವರಿಗೆ ಫೋನ್ ಮಾಡಿ ಪರಿಚಯ ಹೇಳ್ಕೊಂಡು ಜ್ಞಾಪಿಸಿ ಲೆಟರ್ ಹಾಕ್ಸೋದ್ರಲ್ಲಿ ಎಲ್ಲಕ್ಕಿಂತ ಹೆಚ್ಚು ಟೈಮ್ ಹೋಗೋದು. ಅಮೆರಿಕದ ಹೊರಗೆ ಓದಿದೋರಿಗೆ ಸಾಮಾನ್ಯವಾಗಿ ಟೋಫೆಲ್ ಅಥವಾ ಐಇಎಲ್‌ಟಿಎಸ್ ಅನ್ನೋ ಇಂಗ್ಲಿಷ್ ಪರೀಕ್ಷೆ ಕೇಳ್ತಾರೆ. ಇನ್ನು ಈಗಾಗ್ಲೇ ಒಳಗಿದ್ದು ಕೊನೆ ಹತ್ರ ಬಂದಿರೋರಿಗೆ: 10 ಕೋರ್ಸ್ ಮುಗಿದ ಕೂಡ್ಲೇ ಡಿಗ್ರಿ ತಾನಾಗಿ ಮನೆಗೆ ಬರಲ್ಲ, ಗ್ರಾಜುಯೇಶನ್‌ಗೆ ಅಂತ ಬೇರೆ ಅಪ್ಲಿಕೇಶನ್ ಹಾಕ್ಬೇಕು, ಅದರ ಡೆಡ್‌ಲೈನ್ ಕೊನೇ ಪರೀಕ್ಷೆಗಿಂತ ಬಹಳ ಮುಂಚೆನೇ ಮುಗಿದಿರುತ್ತೆ. ಜಿಎ ಪಾಸ್ ಆಗುತ್ತೋ ಇಲ್ವೋ ಅಂತ ಕಾಯ್ತಾ ಕೂರ್ಬೇಡಿ, ಹಾಕಿಬಿಡಿ, ಆಗ್ಲಿಲ್ಲ ಅಂದ್ರೆ ಮುಂದಿನ ಸೆಮಿಸ್ಟರ್‌ಗೆ ಬದಲಾಯಿಸ್ಕೋಬಹುದು.